ತ್ರಿಪದಿಯ ಕೊನೆಯ ಎಂಟು ಮಾತ್ರೆ: ಮನುಷ್ಯ ಸ್ವಭಾವದ ಬಗ್ಗೆ ಬರೆಯುವವರಿಗೆ

ನೇರಳೆ:
ಮನುಷ್ಯರ ನಡವಳಿಕೆಯ ಮೇಲೆ ಮೂರೇ ಸಾಲಿನಲ್ಲಿ ಚುರುಕಾಗಿ ಹೇಳುವ ತ್ರಿಪದಿ ಬರೆಯುವುದನ್ನು ಕಲಿಯಬೇಕು. ಭಾವ ಸರಿಯಿದೆ ಅನ್ನಿಸಿದರೂ ಗಟ್ಟಿಯಾಗಿ ಓದಿದಾಗ ಗದ್ಯವನ್ನು ಮೂರು ತುಂಡು ಮಾಡಿದ ಹಾಗೆ ಕೇಳಿಸುತ್ತದೆ. ಊರಿಗೆಲ್ಲ ಬುದ್ಧಿ ಹೇಳಿ ತಾನು ಮಾತ್ರ ಪಾಲಿಸದವನ ಮೇಲೆ ಬರೆದದ್ದು ಇದು:

ನೇಮಗಳ ಹೇಳುವನು ಗ್ರಾಮದೆಲ್ಲರ ಕರೆದು
ತಾ ಮಾತ್ರ ಎಂದಿಗೂ ನಿಂತ ಜಾಗ ಬಿಡನು
ಅದು ತಪ್ಪು ಕೇಳಣ್ಣ

ಎಲ್ಲಿ ಎಡವಿದೆ, ತಿಳಿದವರು ಬಿಡಿಸಿ ಹೇಳಿ.

ಎಣಿಕೆ:
ಮೊದಲು ಅಳತೆ. ತ್ರಿಪದಿಗೆ ಒಟ್ಟು 11 ಗಣ, ಅಂದರೆ ಅಳತೆಗೆ ಒಡೆದ ಅಕ್ಷರಗಳ ಗುಂಪು. ಮೊದಲ ಸಾಲಿಗೆ 4, ಎರಡನೆಯದಕ್ಕೆ 4, ಮೂರನೆಯದಕ್ಕೆ 3. ಇವುಗಳಲ್ಲಿ 6ನೆಯದು ಮತ್ತು 10ನೆಯದು ಚಿಕ್ಕ ಗಣ, ಅಂದರೆ ಬ್ರಹ್ಮಗಣ. ಉಳಿದ ಒಂಬತ್ತೂ ವಿಷ್ಣುಗಣ. ಸರ್ವಜ್ಞನ ಕಾಲಕ್ಕೆ ಬರುವಾಗ ವಿಷ್ಣುಗಣ ಬಹುಮಟ್ಟಿಗೆ 5 ಮಾತ್ರೆಯಾಗಿಯೂ ಬ್ರಹ್ಮಗಣ 3 ಮಾತ್ರೆಯಾಗಿಯೂ ನೆಲೆಗೊಂಡಿವೆ. ಹಾಗಾಗಿ ಇವತ್ತು ಬರೆಯುವವರು ಇಟ್ಟುಕೊಳ್ಳಬೇಕಾದ ಅಚ್ಚು ಇದು:

5 5 5 5
5 3 5 5
5 3 5

ಮಾತ್ರೆ ಎಂದರೆ ಉಚ್ಚಾರಕ್ಕೆ ಹಿಡಿಯುವ ಕಾಲದ ಅಳತೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘ, ಐ, ಔ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವಕ್ಕೆಲ್ಲ ಎರಡು, ಇವು ಗುರು. ಸಾಲಿನ ಕೊನೆಯ ಲಘುವನ್ನು ಎಳೆದು ಗುರು ಮಾಡಿಕೊಳ್ಳಬಹುದು, ಆದ್ದರಿಂದ ಸಾಲಿನ ಕೊನೆಗೆ 4 ಮಾತ್ರೆಯ ಗಣ ಬಂದರೆ ದೋಷವಲ್ಲ.

ಕಣ್ಣಳತೆಯಲ್ಲಿ ಎಣಿಸುವವರು ಸಾಮಾನ್ಯವಾಗಿ ತಪ್ಪುವುದು ಅರ್ಕಾವೊತ್ತಿನಲ್ಲಿ. ‘ಸರ್ವಜ್ಞ’ ಎಂದು ಬರೆದಾಗ ರಕಾರ ವಕಾರದ ಬಲಗಡೆ ಕಾಣಿಸುತ್ತದೆ, ಉಚ್ಚಾರದಲ್ಲಿ ಎಡಗಡೆ ಇದೆ. ಸರ್, ವಜ್, ಞ: 2+2+1, ಸರಿಯಾಗಿ 5. ಅನುಮಾನ ಬಂದಾಗ ಕಾಗದದ ಮೇಲೆ ಉಚ್ಚಾರದಂತೆ ಒಡೆದು ಬರೆದುಕೊಂಡೇ ಎಣಿಸಿ.

ಈಗ ನಿಮ್ಮ ಪದ್ಯ. ಮೊದಲ ಸಾಲಿನಲ್ಲಿ ‘ಹೇಳುವನು’ 5 ಎಂದುಕೊಂಡಿದ್ದೀರಿ. ಮುಂದೆ ‘ಗ್ರಾ’ ಎಂಬ ಒತ್ತಕ್ಷರ ಬಂದದ್ದರಿಂದ ‘ನು’ ಗುರುವಾಗಿ 6 ಆಯಿತು. ಹಳೆಗನ್ನಡದಲ್ಲಿ ಕೆಲವು ಒತ್ತುಗಳನ್ನು ತೇಲಿಸಿ ಉಚ್ಚರಿಸುವ ಶಿಥಿಲದ್ವಿತ್ವ ಇದೆ, ಆದರೆ ಕಲಿಯುವ ಹಂತದಲ್ಲಿ ಅದರ ಆಸರೆ ಬೇಡ. ಎರಡನೆಯ ಸಾಲು ತಾಮಾತ್ರ (5), ಎಂದಿಗೂ (5), ನಿಂತಜಾ (5), ಗಬಿಡನು (4) ಎಂದು ಒಡೆಯುತ್ತದೆ. ಆರನೆಯ ಗಣ 3 ಇರಬೇಕಿತ್ತು. ಮೂರನೆಯ ಸಾಲಿನಲ್ಲಿ ಎರಡೇ ಗಣ. ಹತ್ತನೆಯದು ಬಂದೇ ಇಲ್ಲ.

ಗದ್ಯದಂತೆ ಕೇಳಿಸುವುದು ಇದಕ್ಕೇ. ಆ ಎರಡು ಚಿಕ್ಕ ಗಣಗಳೇ ತ್ರಿಪದಿಯ ನಡಿಗೆ. ಐದೈದರ ಓಟ ಮೂರಕ್ಕೆ ಬಂದು ತಟ್ಟನೆ ನಿಲ್ಲುತ್ತದೆ, ಆಗ ಕೇಳುವವನ ಕಿವಿ ನೆಟ್ಟಗಾಗುತ್ತದೆ.

ಓಲೆಗರಿ:
ಎಣಿಕೆಯವರು ಹೇಳಿದ್ದು ಸರಿ. ಒಂದು ಸೇರ್ಪಡೆ: ಮೂಲದಲ್ಲಿ ಇದು ಅಂಶಗಣದ ಛಂದಸ್ಸು. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು. ಗಣದ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು; ಆಮೇಲಿನ ಅಂಶಕ್ಕೆ ಲಘುವಾದರೂ ಆಯಿತು, ಗುರುವಾದರೂ ಆಯಿತು. ಹೀಗೆ ಬ್ರಹ್ಮಕ್ಕೆ 4 ರೂಪ, ವಿಷ್ಣುವಿಗೆ 8.

ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು. ಅದರಲ್ಲಿ ಮೂರು ತ್ರಿಪದಿಗಳಿವೆ. ಬಹಳ ಜನ ಬಲ್ಲದ್ದು ಇದು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಡೆದು ನೋಡಿ: ಸಾಧುಗೆ | ಸಾಧುಮಾ | ಧುರ್ಯಂಗೆ | ಮಾಧುರ್ಯಂ. ಬಾಧಿಪ್ಪ | ಕಲಿಗೆ | ಕಲಿಯುಗ | ವಿಪರೀತನ್. ಮಾಧವ | ನೀತನ್ | ಪೆರನಲ್ಲ. ಆರನೆಯ ‘ಕಲಿಗೆ’, ಹತ್ತನೆಯ ‘ನೀತನ್’ ಎರಡೂ ಬ್ರಹ್ಮಗಣ. ಮಾತ್ರೆಯಲ್ಲಿ ಎಣಿಸಿದರೆ ‘ಮಾಧವ’ 4, ‘ನೀತನ್’ ಕೂಡ 4. ಆದರೂ ಒಂದು ದೊಡ್ಡ ಗಣ, ಇನ್ನೊಂದು ಚಿಕ್ಕದು. ಎಳೆದು, ಕುಗ್ಗಿಸಿ ಹಾಡಿಕೊಳ್ಳುವ ಸ್ವಾತಂತ್ರ್ಯ ಅಂಶಗಣದಲ್ಲಿತ್ತು. 5 ಮತ್ತು 3ರ ಅಚ್ಚು ನಂತರದ್ದು.

ಅದೇ ಶಾಸನದ ಇನ್ನೊಂದು ತ್ರಿಪದಿಯ ಭಾವ: ಕಟ್ಟಿಹಾಕಿದ ಸಿಂಹವನ್ನು ‘ನಮಗೇನು ಕೆಡುಕಾದೀತು’ ಎಂದು ಬಿಚ್ಚಿಬಿಟ್ಟ ಹಾಗೆ, ಈತನನ್ನು ಕೆಣಕಿದ ವೈರಿಗಳು ವಿಚಾರವಿಲ್ಲದೆ ಕೆಟ್ಟರು, ಸತ್ತರು. ವೀರನ ಹೊಗಳಿಕೆಯ ಒಳಗೇ ಮನುಷ್ಯನ ದುಡುಕಿನ ಒಂದು ಸ್ಪಷ್ಟ ಚಿತ್ರ ಇದೆ. ನಡವಳಿಕೆಯನ್ನು ಚಿತ್ರದಿಂದ ಹಿಡಿಯುವ ಕೆಲಸಕ್ಕೆ ಈ ಮೂರು ಸಾಲು ಆಗಿನಿಂದಲೂ ಒದಗಿಬಂದಿವೆ.

ತುಂಗಾತೀರ:
ಅಳತೆ ಕೂಡಿಬಂದರೂ ನೇರಳೆಯವರ ಪದ್ಯ ಚುಚ್ಚುವುದಿಲ್ಲ. ಕಾರಣ ಮೂರನೆಯ ಸಾಲು. ‘ಅದು ತಪ್ಪು’ ಎನ್ನುವುದು ತೀರ್ಪು. ತೀರ್ಪು ಓದುಗನ ಪಾಲಿನ ಕೆಲಸ, ಅದನ್ನು ಅವನಿಂದ ಕಸಿದುಕೊಂಡರೆ ಅವನಿಗೆ ಮಾಡಲು ಏನೂ ಉಳಿಯದು.

ಮೂರನೆಯ ಸಾಲಿನಲ್ಲಿ ಅಂಕಿತಕ್ಕೆ, ಅಂದರೆ ಕೊನೆಗೆ ಬರುವ ಹೆಸರು ಅಥವಾ ಕರೆಗೆ, 5 ಮಾತ್ರೆ ಹೋಗುತ್ತದೆ. ನಮಗೆ ಉಳಿಯುವುದು 5+3, ಒಟ್ಟು 8 ಮಾತ್ರೆ. ಇಡೀ ಪದ್ಯದ ಏಟು ಆ ಎಂಟರೊಳಗೆ ಬೀಳಬೇಕು. ಎಲ್ಲರ ಬಾಯಲ್ಲಿರುವ ಸರ್ವಜ್ಞನ ವಚನಗಳನ್ನೇ ತೆಗೆದುಕೊಳ್ಳಿ.

ಸಾಲವನು ಕೊಂಬಾಗ ಹಾಲೋಗರುಂಡಂತೆ
ಸಾಲಿಗನು ಬಂದು ಎಳೆವಾಗ ಕಿಬ್ಬದಿಯ
ಕೀಲು ಮುರಿದಂತೆ ಸರ್ವಜ್ಞ

‘ಕೀಲು ಮುರಿದಂತೆ’: ಎಂಟು ಮಾತ್ರೆ. ಇಲ್ಲಿ ಸಾಲ ಕೆಟ್ಟದ್ದು ಎಂಬ ಮಾತೇ ಇಲ್ಲ. ಒಂದೇ ಶರೀರದ ಎರಡು ಅನುಭವಗಳನ್ನು ಎದುರುಬದುರು ಇಟ್ಟಿದ್ದಾನೆ. ಪಡೆಯುವಾಗ ನಾಲಿಗೆಗೆ ಹಾಲು ಅನ್ನ, ತೀರಿಸುವಾಗ ಪಕ್ಕೆಯಲ್ಲಿ ನೋವು. ಬಡ್ಡಿ, ಮರ್ಯಾದೆ, ಜವಾಬ್ದಾರಿ ಎಂಬ ಪದಗಳನ್ನು ಹಾಕಿದ್ದರೆ ಇದು ಇಷ್ಟು ಕಾಲ ಉಳಿಯುತ್ತಿರಲಿಲ್ಲ.

ಕೊಟ್ಟದ್ದು ತನಗೆ ಬಚ್ಚಿಟ್ಟದ್ದು ಪರರಿಗೆ
ಕೊಟ್ಟದ್ದು ಕೆಟ್ಟಿತೆನಬೇಡ ಮುಂದಕ್ಕೆ
ಕಟ್ಟಿಹುದು ಬುತ್ತಿ ಸರ್ವಜ್ಞ

ಇದರ ಕಟ್ಟಡ ಬೇರೆ. ಮೊದಲ ಸಾಲೇ ಲೋಕದ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ: ಕೊಟ್ಟದ್ದು ನನ್ನದು, ಇಟ್ಟುಕೊಂಡದ್ದು ಬೇರೆಯವರದು. ಹಾಗೆಂದರೆ ಏನು ಎಂಬ ಪ್ರಶ್ನೆ ಎದ್ದ ಹೊತ್ತಿಗೆ ‘ಕಟ್ಟಿಹುದು ಬುತ್ತಿ’ ಎಂದು ಎಂಟು ಮಾತ್ರೆಯ ಉತ್ತರ ಬರುತ್ತದೆ. ದಾನ ಎಂಬ ದೊಡ್ಡ ಪದದ ಜಾಗದಲ್ಲಿ ಬಟ್ಟೆಯಲ್ಲಿ ಗಂಟು ಕಟ್ಟಿದ ರೊಟ್ಟಿ ಕಾಣುತ್ತದೆ.

ಮೂರನೆಯ ಬಗೆ ಪಟ್ಟಿಯದು. ‘ವಿದ್ಯೆ ಕಲಿಸದ ತಂದೆ, ಬುದ್ಧಿ ಹೇಳದ ಗುರುವು, ಬಿದ್ದಿರಲು ಬಂದು ನೋಡದಾ ತಾಯಿಯು’ ಎಂದು ಮೂವರನ್ನು ಸಾಲಾಗಿ ನಿಲ್ಲಿಸಿ ‘ಶುದ್ಧ ವೈರಿಗಳು’ ಎಂದು ಹೆಸರಿಡುವುದು. ಅದೂ ಎಂಟೇ. ಆದರೆ ಈ ಬಗೆಯಲ್ಲಿ ಎಡವುವುದು ಸುಲಭ. ಪಟ್ಟಿಯಲ್ಲಿರುವವರು ಎಷ್ಟು ಹತ್ತಿರದವರೋ ಕೊನೆಯ ಹೆಸರು ಅಷ್ಟು ದೂರದ್ದಾಗಿರಬೇಕು. ಕಳ್ಳ, ಸುಳ್ಳ, ಮೋಸಗಾರ ಎಂದು ಪಟ್ಟಿ ಮಾಡಿ ‘ಕೆಟ್ಟವರು’ ಎಂದರೆ ಯಾರಿಗೂ ಏನೂ ತಾಗುವುದಿಲ್ಲ.

ಬೀಸುಕಲ್ಲು:
ಅಳತಿ ಪಟ್ಟಿ ಆಮ್ಯಾಲೆ ಹಿಡೀರಿ, ಮೊದಲು ಹಾಡಿ ನೋಡ್ರಿ. ಬೀಸೋ ಕಲ್ಲಿನ ಮುಂದ ಹುಟ್ಟಿದ ಹಾಡಿಗೆ ಕಲ್ಲು ತಿರುಗೋ ಲಯನ ತಾಳ.

ಗರತಿಯರ ಹಾಡು ಅಚ್ಚಾದಾಗ ಎರಡನೇ ಸಾಲಿನ್ಯಾಗ ಏಳನೇ ಗಣ ಮುಗಿದ ಮ್ಯಾಲೆ ಒಂದು ಗೀಟು ಹಾಕಿರ್ತಾರ, ನೋಡಿರೇನು? ‘ಎಳ್ಳು ಜೀರಿಗೆ ಬೆಳೆಯೋಳ | ಭೂಮ್ತಾಯ’ ಅಂತ. ಆ ಗೀಟಿನ ಹತ್ರ ದನಿ ನಿಲ್ತದ. ಆಚೆ ಉಳದ ಎಂಟನೇ ಗಣ ಬರೆಯೋದು ಎರಡನೇ ಸಾಲಿನ್ಯಾಗ, ಆದರ ಅದರ ಜೀವ ಮೂರನೇ ಸಾಲಿನ ಕಡೆ. ಅದು ಹೊಸ್ತಿಲು ಇದ್ದಂಗ.

ತುಂಗಾತೀರ ಅವರು ಕೊಟ್ಟ ವಚನದಾಗ ನೋಡ್ರಿ. ‘ಎಳೆವಾಗ | ಕಿಬ್ಬದಿಯ’, ಆಮ್ಯಾಲೆ ‘ಕೀಲು ಮುರಿದಂತೆ’. ‘ಮುಂದಕ್ಕೆ’, ಆಮ್ಯಾಲೆ ‘ಕಟ್ಟಿಹುದು ಬುತ್ತಿ’. ಎಂಟನೇ ಗಣ ಕೇಳಿದವರು ಮುಂದೇನು ಅಂತ ಕಾಯಬೇಕು. ಎರಡನೇ ಸಾಲು ‘ಬಿಡನು’ ಅಂತ ಕ್ರಿಯಾಪದದಾಗ ಮುಗದ್ರ ಬಾಗಲಾ ಹಾಕಿಬಿಟ್ಟಂಗ. ಮೂರನೇ ಸಾಲಿಗೆ ಯಾರೂ ಕಾಯೂದಿಲ್ಲ.

ನೇರಳೆ:
ಎಂಟನೆಯ ಗಣದ ವಿಷಯ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ, ತುಂಬ ಉಪಕಾರ. ಹಾಗಾದರೆ ಬರೆಯಲು ಎಲ್ಲಿಂದ ಶುರು ಮಾಡಬೇಕು? ಮೊದಲ ಸಾಲಿನಿಂದ ಬರೆದುಕೊಂಡು ಹೋದರೆ ಮೂರನೆಯದಕ್ಕೆ ಬರುವಾಗ ಹೇಳಲು ಏನೂ ಉಳಿದಿರುವುದಿಲ್ಲ.

ಎಣಿಕೆ:
ಹಿಂದಿನಿಂದ ಮುಂದಕ್ಕೆ ಬನ್ನಿ. ಹೊಟ್ಟೆಕಿಚ್ಚಿನ ಮೇಲೆ ಒಂದನ್ನು ಇಲ್ಲೇ ಕಟ್ಟಿ ತೋರಿಸುತ್ತೇನೆ.

ಹೊಟ್ಟೆಕಿಚ್ಚು ಕಣ್ಣಿಗೆ ಕಾಣುವ ವಸ್ತುವಲ್ಲ. ಅದು ಕಾಣಿಸಿಕೊಳ್ಳುವ ಒಂದು ಗಳಿಗೆಯನ್ನು ಮೊದಲು ಹುಡುಕಬೇಕು. ಮದುವೆ ಊಟದ ಪಂಕ್ತಿ ಹಿಡಿಯೋಣ. ತನ್ನ ಎಲೆ ತುಂಬಿದ್ದರೂ ಕಣ್ಣು ಪಕ್ಕದವನ ಎಲೆಗೆ ಹೋಗುತ್ತದೆ. ಇದು ದೃಶ್ಯ.

ಇದನ್ನು 8 ಮಾತ್ರೆಗೆ ಇಳಿಸಿ. ‘ಪಕ್ಕದ ಎಲೆಯ ಕಡೆಗೆ’ ಎಂದರೆ ಉದ್ದವಾಯಿತು. ‘ಪಕ್ಕದೆಲೆ ಕಡೆಗೆ’: ಪಕ್-ಕ-ದೆ-ಲೆ 5, ಕ-ಡೆ-ಗೆ 3. ಕೂಡಿತು.

ಮೂರನೆಯ ಸಾಲು ಸಿಕ್ಕಿದ ಕೂಡಲೇ ಪ್ರಾಸವೂ ಗೊತ್ತಾಗುತ್ತದೆ. ಪ್ರಾಸವೆಂದರೆ ಇಲ್ಲಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು. ಅದರ ಹಿಂದಿನ ಅಕ್ಷರದ ತೂಕವೂ ಒಂದೇ ಇರಬೇಕು. ಇಲ್ಲಿ ಹ್ರಸ್ವದ ಮೇಲೆ ‘ಕ್ಕ’, ಹಳಬರು ಹಯಪ್ರಾಸ ಎನ್ನುವುದು. ಚೊಕ್ಕ, ಇಕ್ಕು, ಲೆಕ್ಕ, ಸಿಕ್ಕು, ಮಿಕ್ಕ, ಹಕ್ಕು, ಒಕ್ಕಲು ಎಂದು ಒಂದು ಹತ್ತು ಪದ ಬರೆದಿಟ್ಟುಕೊಳ್ಳಿ. ದೃಶ್ಯಕ್ಕೆ ಹೊಂದುವವನ್ನು ಮಾತ್ರ ಉಳಿಸಿ, ಉಳಿದದ್ದನ್ನು ಹೊಡೆದುಹಾಕಿ. ಪ್ರಾಸ ಕೂಡಿತು ಎಂಬ ಒಂದೇ ಕಾರಣಕ್ಕೆ ‘ಹಕ್ಕಿ’ಯನ್ನು ಊಟದ ಪಂಕ್ತಿಗೆ ತಂದು ಕೂರಿಸಬಾರದು. ಪದ್ಯಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ.

ಆಮೇಲೆ ಎಂಟನೆಯ ಗಣ, ಮೂರನೆಯ ಸಾಲಿಗೆ ಕೈಹಿಡಿದು ಕರೆದೊಯ್ಯುವ ಪದ: ‘ಮೆಲ್ಲಗೆ’. ಸಾಲಿನ ಕೊನೆ, 4 ಮಾತ್ರೆ ನಡೆಯುತ್ತದೆ. ಮೆಲ್ಲಗೆ ಎಲ್ಲಿಗೆ? ಕಾಯುವಿಕೆ ಹುಟ್ಟಿತು. ಅದರ ಹಿಂದೆ ‘ಲೆಕ್ಕಿಸುತ’ 5, ‘ಕಣ್ಣು’ 3, ‘ತಿರುಗುವುದು’ 5.

ಕೊನೆಯಲ್ಲಿ ಮೊದಲ ಸಾಲು, ದೃಶ್ಯದ ಹಾಸು:

ಚೊಕ್ಕ ಬಾಳೆಲೆ ತುಂಬ ಇಕ್ಕಿದರು ರುಚಿಯಿಲ್ಲ
ಲೆಕ್ಕಿಸುತ ಕಣ್ಣು ತಿರುಗುವುದು ಮೆಲ್ಲಗೆ
ಪಕ್ಕದೆಲೆ ಕಡೆಗೆ ಕೇಳಣ್ಣ

ಮೊದಲ ಸಾಲಿನ ನಡುವೆ ‘ಇಕ್ಕಿ’ ಬಂದು ಒಳಪ್ರಾಸವೂ ಆಯಿತು. ಸಾಲದ ವಚನದಲ್ಲಿ ‘ಸಾಲ’ ಮತ್ತು ‘ಹಾಲೋಗರ’ ಇರುವುದು ಇದೇ ಜಾಗದಲ್ಲಿ. ಒಳಪ್ರಾಸ ಕಡ್ಡಾಯವಲ್ಲ, ಆದರೆ ಕಿವಿಗೆ ಹಿತ.

ತುಂಗಾತೀರ:
ಚೆನ್ನಾಗಿ ಬಂದಿದೆ. ಹೊಟ್ಟೆಕಿಚ್ಚು ಎಂಬ ಪದ ಇಡೀ ಪದ್ಯದಲ್ಲಿ ಎಲ್ಲೂ ಇಲ್ಲ, ನೇರಳೆಯವರು ಅದನ್ನು ಗಮನಿಸಬೇಕು. ಸ್ವಭಾವದ ಹೆಸರನ್ನು ಪದ್ಯದೊಳಗೆ ಬರೆದುಬಿಟ್ಟರೆ ಓದುಗ ಅದನ್ನು ತನಗಲ್ಲ ಎಂದು ಪಕ್ಕಕ್ಕಿಡುತ್ತಾನೆ. ‘ಹೊಟ್ಟೆಕಿಚ್ಚಿನವನು’ ಯಾವಾಗಲೂ ಬೇರೆ ಯಾರೋ. ಪಕ್ಕದೆಲೆ ಎಂದಾಗ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅದನ್ನು ನೋಡದ ಕಣ್ಣಿಲ್ಲವಲ್ಲ.

ಗುರಿಯ ಬಗ್ಗೆ ಒಂದು ಮಾತು, ಇದರಲ್ಲಿ ರಾಜಿ ಬೇಡ. ಪದ್ಯ ಬೀಳಬೇಕಾದದ್ದು ನಡತೆಯ ಮೇಲೆ. ಜಾತಿಯ ಮೇಲೆ, ಹೆಂಗಸರ ಮೇಲೆ, ಯಾವುದೋ ಊರಿನವರ ಮೇಲೆ ಬಿದ್ದರೆ ಅದು ಮನುಷ್ಯ ಸ್ವಭಾವದ ಮಾತಾಗದೆ ಬೈಗುಳವಾಗುತ್ತದೆ. ಹಳೆಯ ಸಂಗ್ರಹಗಳಲ್ಲೂ ಅಂಥವು ಇವೆ, ಅವನ್ನು ಮಾದರಿ ಮಾಡಿಕೊಳ್ಳಬೇಡಿ. ಪರೀಕ್ಷೆ ಹೀಗೆ: ಪದ್ಯದಲ್ಲಿರುವ ‘ಅವನು’ ತೆಗೆದು ‘ನಾನು’ ಎಂದು ಹಾಕಿ ಓದಿ. ಆಗಲೂ ನಿಜವಾಗಿ ಕೇಳಿಸಿದರೆ ಉಳಿಸಿಕೊಳ್ಳಿ.

ಓಲೆಗರಿ:
ಸರ್ವಜ್ಞನ ಹೆಸರಿನಲ್ಲಿ ಕಾಲಕಾಲಕ್ಕೆ ಸೇರಿಕೊಂಡ ತ್ರಿಪದಿಗಳು ಬಹಳ. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ, ಹಸ್ತಪ್ರತಿಗಳನ್ನು ಕೂಡಿಸಿ 1924ರಲ್ಲಿ ಸಂಗ್ರಹ ಹೊರತಂದರು. ಅಲ್ಲಿಯವರೆಗೆ ಇವು ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದವು. ಬಾಯಲ್ಲಿ ಬೆಳೆದದ್ದಕ್ಕೆ ಅಳತೆ ಅಲ್ಲಲ್ಲಿ ಸಡಿಲವಾಗಿದೆ. ‘ಸರ್ವಜ್ಞನೆಂಬುವನು ಗರ್ವದಿಂದಾದವನೆ’ ಎಲ್ಲರಿಗೂ ಗೊತ್ತು. ಅದರ ಎರಡನೆಯ ಸಾಲನ್ನು ಜನ ‘ಸರ್ವರೊಳು ಒಂದೊಂದು ನುಡಿಗಲಿತು’ ಎನ್ನುತ್ತಾರೆ. ಆರನೆಯ ಗಣ ‘ಒಂದೊಂದು’ 5 ಮಾತ್ರೆ, ಇರಬೇಕಾದದ್ದು 3. ಆದರೂ ಮುಂದಿನ ‘ವಿದ್ಯೆಯ / ಪರ್ವತವೆ ಆದ’ ಎಂಬಲ್ಲಿ ಬೀಸುಕಲ್ಲು ಅವರು ಹೇಳಿದ ಹೊಸ್ತಿಲು ಅಚ್ಚುಕಟ್ಟಾಗಿ ಉಳಿದಿದೆ. ಬಾಯಿ ಅಳತೆಯನ್ನು ಸಡಿಲಿಸಿದರೂ ಹೊಸ್ತಿಲನ್ನು ಬಿಟ್ಟುಕೊಡಲಿಲ್ಲ.

ಗಣ ಪದದ ನಡುವೆ ಒಡೆದರೆ ತಪ್ಪೇ ಎಂದು ಹೊಸಬರು ಅಂಜುತ್ತಾರೆ. ತಪ್ಪಲ್ಲ. ‘ಕೆಟ್ಟಿತೆನಬೇಡ’ವನ್ನು ಕೆಟ್ಟಿ (3), ತೆನಬೇಡ (5) ಎಂದೇ ಒಡೆಯುವುದು.

ನೆರೆಯ ತಮಿಳಿನ ತಿರುಕ್ಕುರಳ್ ನೆನಪಿಗೆ ಬರುತ್ತದೆ. ಅಲ್ಲಿ 1330 ದ್ವಿಪದಿಗಳು, ಪ್ರತಿಯೊಂದರಲ್ಲೂ ಮೊದಲ ಸಾಲಿಗೆ 4, ಎರಡನೆಯದಕ್ಕೆ 3, ಒಟ್ಟು ಏಳೇ ಘಟಕ. ನಮ್ಮ ತ್ರಿಪದಿಯ ಮೊದಲ ಮತ್ತು ಕೊನೆಯ ಸಾಲುಗಳಿಗೂ ಅದೇ 4 ಮತ್ತು 3. ನಡುವೆ ಇನ್ನೊಂದು ನಾಲ್ಕರ ಸಾಲು ನಮಗೆ ಹೆಚ್ಚಿಗೆ ಸಿಗುತ್ತದೆ. ಆ ಹೆಚ್ಚಿನ ಸಾಲನ್ನು ವಿವರಣೆಗೆ ಖರ್ಚು ಮಾಡದೆ ತಿರುವಿಗೆ ಬಳಸಿದವರ ಪದ್ಯ ನಿಲ್ಲುತ್ತದೆ. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡವು. ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ಬರೆಯುವವರಿಗೆ ಒಳ್ಳೆಯ ಅಭ್ಯಾಸ.

ಬೀಸುಕಲ್ಲು:
ಅಂಕಿತದ ಬಗ್ಗೆ ಯಾರೂ ಹೇಳಲಿಲ್ಲ. ‘ಸರ್ವಜ್ಞ’ ಅಂತ ಹಾಕಬ್ಯಾಡ್ರಿ, ಅದು ಅವನ ಹೆಸರು. 5 ಮಾತ್ರಿದ್ದು ಬೇಕಾದಷ್ಟು ಅದಾವ: ಕೇಳಣ್ಣ, ನೋಡಯ್ಯ, ತಂಗ್ಯವ್ವ, ಗೆಳತೆವ್ವ. ಕರೆಯೋ ಮಾತಾದ್ರ ಎದುರಿಗೆ ಒಬ್ಬರು ಕುಂತಂಗ ಆಗ್ತದ, ದನಿ ಮೆತ್ತಗಾಗ್ತದ. ಕಟುವಾದ ಮಾತಿಗೆ ‘ತಂಗ್ಯವ್ವ’ ಹಾಕಿ ಹಾಡಿ ನೋಡ್ರಿ, ಬೈದಂಗ ಇರೂದಿಲ್ಲ, ಕೂಡಿಸಿಕೊಂಡು ಹೇಳಿದಂಗ ಇರ್ತದ.

ನೇರಳೆ:
ಮೊದಲ ಪದ್ಯವನ್ನು ತಿದ್ದಿದ್ದೇನೆ. ಊರಾಚೆ ದಾರಿ ತೋರಿಸುತ್ತ ನಿಂತಿರುವ ಕೈಮರ ಚಿತ್ರವಾಗಿ ಸಿಕ್ಕಿತು.

ನೇಮಗಳ ಹೇಳುವನು ಸೀಮೆಯೆಲ್ಲರ ಕರೆದು
ತಾ ಮಾತ್ರ ನಿಂತು ಬಿಡುತಾನೆ ಊರಾಚೆ
ಕೈಮರದ ಹಾಗೆ ಕೇಳಣ್ಣ

ಎಣಿಕೆ:
ಅಳತೆ ಪೂರಾ ಕೂಡಿದೆ. ನೇಮ, ತಾಮಾ, ಕೈಮ: ದೀರ್ಘದ ಮೇಲೆ ಮಕಾರ, ಗಜಪ್ರಾಸ ಸರಿ. ‘ಊರಾಚೆ’ ಹೊಸ್ತಿಲಿನ ಕೆಲಸ ಮಾಡುತ್ತಿದೆ. ಒಂದೇ ಕೊರತೆ: ‘ಹೇಳುವನು’ ಗ್ರಾಂಥಿಕ, ‘ಬಿಡುತಾನೆ’ ಆಡುಮಾತು. ಎರಡೂ ಒಂದೇ ಪದ್ಯದಲ್ಲಿ ಬಂದರೆ ಇಬ್ಬರು ಮಾತಾಡಿದ ಹಾಗಾಗುತ್ತದೆ. ‘ಹೇಳ್ತಾನೆ’ ಕೂಡ 5 ಮಾತ್ರೆಯೇ, ಅದನ್ನೇ ಹಾಕಿ.

ನೇರಳೆ:
ಸರಿ, ಬದಲಾಯಿಸಿದೆ. ಮನೆಯಲ್ಲೇ ಇದ್ದು ‘ದಾರಿಯಲ್ಲಿದ್ದೇನೆ’ ಎಂದು ಫೋನಿನಲ್ಲಿ ಹೇಳುವವರ ಮೇಲೆ ಇನ್ನೊಂದು. ಇದನ್ನು ಮೂರನೆಯ ಸಾಲಿನಿಂದಲೇ ಶುರು ಮಾಡಿದ್ದು:

ದಾರಿಯಲಿ ಇದ್ದೇನೆ ಊರ ಗಡಿ ಬಂತೆಂದು
ಜೋರಾಗಿ ಹೇಳಿ ಹುಡುಕ್ತಾನೆ ಮನೆಯಲ್ಲಿ
ಕಾರಿನಾ ಕೀಲಿ ಕೇಳಣ್ಣ

ತುಂಗಾತೀರ:
‘ಮನೆಯಲ್ಲಿ’ ಎಂಬ ಪದ ಸರಿಯಾದ ಜಾಗದಲ್ಲಿದೆ. ಸುಳ್ಳು ಬಯಲಾಗುವುದು ಅಲ್ಲಿ, ನಗು ಬರುವುದು ಕೀಲಿಯಲ್ಲಿ. ಎರಡನ್ನೂ ಒಂದೇ ಕಡೆ ಸುರಿಯದೆ ಒಂದು ಗಣದ ಅಂತರ ಕೊಟ್ಟದ್ದು ಬಹಳ ಇಷ್ಟವಾಯಿತು.

ಬೀಸುಕಲ್ಲು:
‘ಕಾರಿನಾ’ ಅಂತ ಎಳದದ್ದು ಹಾಡಿಗೆ ಒಪ್ತದ. ಆದರ ಏಳನೇ ಗಣದಾಗ ದನಿ ಮುಗ್ಗರಸ್ತದ, ಎಣಿಸಿ ನೋಡ್ರಿ.

ಎಣಿಕೆ:
ಬೀಸುಕಲ್ಲು ಅವರ ಕಿವಿ ಹಿಡಿದದ್ದು ಸರಿ. ಹು-ಡುಕ್-ತಾ-ನೆ: 1+2+2+1, ಅಂದರೆ 6. ಒಂದು ಮಾತ್ರೆ ಹೆಚ್ಚಾದದ್ದು ಒಂದು ದೋಷ. ಅದಕ್ಕಿಂತ ದೊಡ್ಡದು, ಗಣ ಲಘುವಿನಿಂದ ಶುರುವಾಗಿ ಕೂಡಲೇ ಗುರು ಬಂದದ್ದು. ಮಾತ್ರಾಗಣದ ಆರಂಭದಲ್ಲಿ ಹೀಗೆ ಬಂದರೆ ಕಾಲು ಕೊಟ್ಟ ಹಾಗಾಗಿ ನಡಿಗೆ ತಪ್ಪುತ್ತದೆ. ಮಾತ್ರೆ ಸರಿಯಿದ್ದರೂ ಇದನ್ನು ಬಿಡಬೇಕು. ಲಘುವಿನಿಂದ ಶುರು ಮಾಡಿದರೆ ಎರಡು ಲಘುಗಳನ್ನಾದರೂ ಜೊತೆಗಿಡಿ. ‘ಹುಡುಕುವನು’ ಐದೂ ಲಘು, ಸರಿಯಾಗಿ 5. ಇಲ್ಲಿ ‘ಇದ್ದೇನೆ’ ಆಡುವವನ ಬಾಯಿಮಾತು, ‘ಹುಡುಕುವನು’ ಪದ್ಯ ಹೇಳುವವನದು; ಹಾಗಾಗಿ ಎರಡು ದನಿ ಬಂದರೂ ಬಾಧಕವಿಲ್ಲ.

ಜೋರಾಗಿ ಹೇಳಿ ಹುಡುಕುವನು ಮನೆಯಲ್ಲಿ
ಕಾರಿನಾ ಕೀಲಿ ಕೇಳಣ್ಣ